‘ಮುಟ್ಟಬೇಡಿ’ ಎಂದು ಹನ್ನೊಂದು ಬಾರಿ: ‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ಒಂದು ಯಂತ್ರಸಿಂಹ

ಪೀಠಿಕೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನ್ನ ಪಾಲಿಗೆ ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕ ಬಂದಿತ್ತು. ಪಠ್ಯಪುಸ್ತಕದ ಈ ಘಟಕದಲ್ಲಿ ಒಂದು ಸಣ್ಣ ಚಟುವಟಿಕೆ ಇದೆ. ಆಟಿಕೆ ಕಾರಿಗೆ ಕೀ ಕೊಟ್ಟು ನೆಲದ ಮೇಲೆ ಬಿಡಬೇಕು. ಅದಕ್ಕೆ ಶಕ್ತಿ ಎಲ್ಲಿಂದ ಬಂತು, ಎಷ್ಟು ಸುತ್ತು ಕೀ ಕೊಟ್ಟೆವು ಎಂಬುದರ ಮೇಲೆ ಆ ಶಕ್ತಿ ಅವಲಂಬಿಸಿದೆಯೇ, ಅದನ್ನು ಹೇಗೆ ಪರೀಕ್ಷಿಸಬಹುದು ಎಂದು ಮಕ್ಕಳು ಯೋಚಿಸಬೇಕು. ಸಮಯದ ಅಭಾವದಿಂದ ಈ ಚಟುವಟಿಕೆಯನ್ನು ಓದಿ ಮುಂದಕ್ಕೆ ಹೋಗುವುದೇ ಹೆಚ್ಚು. ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನನ್ನ ಹವ್ಯಾಸ.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಯಾಂತ್ರಿಕ ಪ್ರಾಣಿಗಳ ದೊಡ್ಡ ಮಾದರಿಗಳನ್ನು ಕಟ್ಟುವುದು ಪಿಯುಸಿ ದಿನಗಳಿಂದ ನನಗಂಟಿದ ಗೀಳು. ಆ ಮಾದರಿಗಳಲ್ಲೊಂದನ್ನು ಪಾಠೋಪಕರಣವಾಗಿ ತರಗತಿಗೆ ಒಯ್ದೆ. ಒಂದೇ ಉಪಕರಣದಿಂದ, ಒಂದೇ ತರಗತಿಗೆ ಎರಡು ಬಾರಿ ಪಾಠ ಮಾಡಿದೆ. ಮೊದಲನೆಯದು ಮಕ್ಕಳಿಗೆ ತುಂಬಾ ಹಿಡಿಸಿತು, ಆದರೆ ಅದರಿಂದ ಅವರು ಕಲಿತದ್ದು ಕಡಿಮೆ. ಎರಡನೆಯದರಲ್ಲಿ ನನ್ನ ಮಾದರಿ ಮುರಿಯಿತು, ನಾನು ತಾಳ್ಮೆ ಕಳೆದುಕೊಂಡೆ, ಆದರೂ ಮಕ್ಕಳು ಕಲಿತರು. ಎರಡರ ನಡುವೆ ಏನು ಬದಲಾಯಿತು ಎಂಬುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಉಪಕರಣದ ಪರಿಚಯ

ಜಪಾನಿನ ಟೋಮಿ ಎಂಬ ಆಟಿಕೆ ಕಂಪನಿ 1980ರ ದಶಕದ ಆರಂಭದಲ್ಲಿ ‘ಝಾಯ್ಡ್ಸ್’ ಎಂಬ ಹೆಸರಿನ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಡೈನೊಸಾರ್, ಸಿಂಹ, ಗೊರಿಲ್ಲ, ಕೀಟ ಮುಂತಾದ ಜೀವಿಗಳ ಆಕಾರದ ಯಂತ್ರಗಳಿವು. ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು ಸಿಗುತ್ತವೆ. ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಚಿತ್ರಗಳ ಕೈಪಿಡಿ ನೋಡಿಕೊಂಡು ಭಾಗಗಳನ್ನು ಕತ್ತರಿಸಿ, ಅಂಚು ಉಜ್ಜಿ, ಒಂದಕ್ಕೊಂದು ಒತ್ತಿ ಕೂರಿಸಬೇಕು. ಅಂಟು ಬೇಕಿಲ್ಲ. ಕೀಲುಗಳು ಕಳಚದಂತೆ ಸಣ್ಣ ರಬ್ಬರ್ ಟೋಪಿಗಳು ಹಿಡಿದಿಡುತ್ತವೆ.

ಶೋಕೇಸಿನಲ್ಲಿಡುವ ವಿಮಾನ, ಹಡಗುಗಳ ಮಾದರಿಗಳಿಗೂ ಇವಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇವು ನಡೆಯುತ್ತವೆ. ಗೊಡೋಸ್‌ನಂಥ ಚಿಕ್ಕವು ಕೀ ಕೊಟ್ಟರೆ ನಡೆಯುತ್ತವೆ, ದೊಡ್ಡವು ಬ್ಯಾಟರಿಯಿಂದ. ಸ್ಪ್ರಿಂಗ್ ಅಥವಾ ಮೋಟಾರು ಮತ್ತು ಅದರ ಹಲ್ಲುಚಕ್ರಗಳಿರುವ ಪೆಟ್ಟಿಗೆ ಸಾಮಾನ್ಯವಾಗಿ ಕಂಪನಿಯಲ್ಲೇ ಜೋಡಣೆಯಾಗಿ, ಮುಚ್ಚಿಯೇ ಬರುತ್ತದೆ. ಅದರ ಸುತ್ತ ಅಸ್ಥಿಪಂಜರ ಕಟ್ಟಿ, ಕಾಲು ಜೋಡಿಸಿ, ಕೊನೆಗೆ ಕವಚ ತೊಡಿಸುವುದು ನಮ್ಮ ಕೆಲಸ.

ಕೋಟೊಬುಕಿಯಾ ಎಂಬ ಇನ್ನೊಂದು ಜಪಾನಿ ಕಂಪನಿ 2006ರಿಂದ ಇದೇ ಪ್ರಾಣಿಗಳನ್ನು ಇನ್ನಷ್ಟು ಸೂಕ್ಷ್ಮವಾಗಿ, ನೂರಾರು ಭಾಗಗಳಲ್ಲಿ ತಯಾರಿಸುತ್ತಿದೆ. ಆ ಸಾಲಿನ ಮೊದಲ ಮಾದರಿ ಸಿಂಹದ ಆಕಾರದ ‘ಷೀಲ್ಡ್ ಲೈಗರ್’. ಅದರ ಕೀಲುಗಳನ್ನು ಬೇಕಾದ ಭಂಗಿಗೆ ಬಾಗಿಸಬಹುದು, ಆದರೆ ಅದರಲ್ಲಿ ಮೋಟಾರು ಇಲ್ಲ. ಅಂದಕ್ಕೆ ಅದು ಮೇಲು. ಶಕ್ತಿಯ ಪಾಠಕ್ಕೆ ಮಾತ್ರ ಟೋಮಿಯ ಹಳೆಯ ವಿನ್ಯಾಸವೇ ಸರಿ. ನನ್ನಲ್ಲಿರುವ ಷೀಲ್ಡ್ ಲೈಗರ್ ಬ್ಯಾಟರಿಯಿಂದ ನಡೆಯುವಂಥದ್ದು. ವಿದೇಶದಲ್ಲಿರುವ ದೊಡ್ಡಪ್ಪನ ಮಗ ತಂದುಕೊಟ್ಟದ್ದು. ಎಂಟು ರಾತ್ರಿ ಕೂತು ಕಟ್ಟಿದ್ದೇನೆ. ಕವಚದ ಗೆರೆಗಳಿಗೆ ತೆಳುವಾಗಿ ಕಪ್ಪು ತುಂಬಿದ್ದೇನೆ. ಮನೆಯಲ್ಲಿ ಅದು ಗಾಜಿನ ಕಪಾಟಿನಲ್ಲಿರುತ್ತದೆ. ಮುಂದೆ ನಡೆದದ್ದಕ್ಕೆ ಈ ವಿವರ ಬೇಕಾಗುತ್ತದೆ.

ಮೊದಲ ಪಾಠ

ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಸಿಂಹವನ್ನು ಪೀಠಿಕಾ ಪ್ರಶ್ನೆಗಳ ನಂತರ ತೋರಿಸಿದೆ. ಗುಂಡಿ ಒತ್ತಿದಾಗ ಅದು ಗರಗರ ಸದ್ದು ಮಾಡುತ್ತ ನಾಲ್ಕು ಹೆಜ್ಜೆ ಹಾಕಿತು. ಹಿಂದಿನ ಬೆಂಚುಗಳ ಮಕ್ಕಳು ಎದ್ದು ನಿಂತರು. ಪಕ್ಕದ ತರಗತಿಯ ಶಿಕ್ಷಕರು ಬಾಗಿಲಿಗೆ ಬಂದು ನೋಡಿ ಹೋದರು. ನಾನು ಬ್ಯಾಟರಿಯ ರಾಸಾಯನಿಕ ಶಕ್ತಿ, ವಿದ್ಯುಚ್ಛಕ್ತಿ, ಚಲನಶಕ್ತಿ ಎಂದು ಕಪ್ಪುಹಲಗೆಯ ಮೇಲೆ ಬಾಣದ ಗುರುತಿನ ಚಿತ್ರ ಬರೆದೆ. ಮಕ್ಕಳು ಪುಸ್ತಕಕ್ಕೆ ಇಳಿಸಿಕೊಂಡರು. ಗಂಟೆ ಹೊಡೆಯಿತು. ಇಡೀ ಬೋಧನಾಭ್ಯಾಸದಲ್ಲಿ ಇದೇ ನನ್ನ ಅತ್ಯುತ್ತಮ ಪಾಠ ಎಂದುಕೊಂಡು ಸಿಬ್ಬಂದಿ ಕೊಠಡಿಗೆ ಹೋದೆ.

ಮಾರ್ಗದರ್ಶಕ ಶಿಕ್ಷಕಿ ತಮ್ಮ ವೀಕ್ಷಣಾ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಪೂರ್ವಸಿದ್ಧತೆ, ಧ್ವನಿ, ಕಪ್ಪುಹಲಗೆ ಬಳಕೆ ಎಲ್ಲಕ್ಕೂ ಒಳ್ಳೆಯ ಅಂಕಗಳಿದ್ದವು. ಕೆಳಗೆ ಒಂದು ಸಾಲು: “ಪಾಠದ ಅವಧಿಯಲ್ಲಿ ‘ಮುಟ್ಟಬೇಡಿ’ ಎಂದು ಹನ್ನೊಂದು ಬಾರಿ ಹೇಳಿದ್ದೀರಿ.”

“ಬೆಲೆಬಾಳುವ ವಸ್ತು ಮೇಡಂ, ಮುರಿದರೆ ಬಿಡಿಭಾಗ ಸಿಗುವುದಿಲ್ಲ” ಎಂದೆ.

“ಅದು ನನಗೂ ಅರ್ಥವಾಗುತ್ತದೆ. ಆದರೆ ಮಕ್ಕಳು ನೋಡಿದ್ದು ಸಿಂಹವನ್ನು, ಯಂತ್ರವನ್ನಲ್ಲ. ಬೇಕಾದರೆ ನಾಳೆ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ” ಎಂದರು.

ಮರುದಿನ ‘ಬ್ಯಾಟರಿಯಿಂದ ಹೆಜ್ಜೆಯವರೆಗೆ ಶಕ್ತಿ ಸಾಗಿದ ದಾರಿಯನ್ನು ಬರೆಯಿರಿ’ ಎಂದು ಚೀಟಿಯಲ್ಲಿ ಕೇಳಿದೆ. ಹಾಜರಿದ್ದ 38 ಮಕ್ಕಳಲ್ಲಿ ಹೆಚ್ಚಿನವರು ನಾನು ಹಲಗೆಯ ಮೇಲೆ ಬರೆದ ಮೂರು ಪದಗಳನ್ನೇ ಬರೆದಿದ್ದರು. ಮೋಟಾರು ಅಥವಾ ಹಲ್ಲುಚಕ್ರದ ಪ್ರಸ್ತಾಪ ಮಾಡಿದವರು ಆರು ಮಂದಿ. ಒಬ್ಬ ಹುಡುಗ ‘ಬ್ಯಾಟರಿಯ ಶಕ್ತಿ ಸಿಂಹದ ಕಾಲಿಗೆ ಹೋಗಿ ಸಿಂಹಕ್ಕೆ ಬಲ ಬರುತ್ತದೆ’ ಎಂದು ಬರೆದಿದ್ದ. ತಪ್ಪು ಅವನದಲ್ಲ. ಕವಚದೊಳಗೆ ಏನಿದೆ ಎಂದು ನಾನು ತೋರಿಸಿರಲೇ ಇಲ್ಲ.

ಎರಡನೇ ಪಾಠದ ಯೋಜನೆ

ಮೇಡಂ ಅವರ ಸಹಕಾರದಿಂದ ಅದೇ ತರಗತಿಗೆ ಎರಡು ಅವಧಿಗಳನ್ನು ಜೋಡಿಸಿ 80 ನಿಮಿಷ ದೊರೆಯಿತು. ಹಿಂದಿನ ರಾತ್ರಿ ಸಿಂಹದ ಕವಚವನ್ನು ಒಂದೊಂದಾಗಿ ಕಳಚಿದೆ. ಉಳಿದದ್ದು ಅಸ್ಥಿಪಂಜರ, ಮೋಟಾರು ಪೆಟ್ಟಿಗೆ ಮತ್ತು ನಾಲ್ಕು ಕಾಲು. ಹಾಗೆಯೇ ಸ್ಪ್ರಿಂಗ್ ಕೆಟ್ಟು ಮೂಲೆ ಸೇರಿದ್ದ ಒಂದು ಹಳೆಯ ಕೀ ಪೆಟ್ಟಿಗೆಯನ್ನು, ಅದರಲ್ಲಿ ಬಿಗುವು ಸ್ವಲ್ಪವೂ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡು, ಬಿಚ್ಚಿದೆ. ಶಾಲೆಯ ಕಾಲಿನ ಹೊಲಿಗೆ ಯಂತ್ರವನ್ನೂ ಕೇಳಿ ಪಡೆದೆ.

5ಇ ಮಾದರಿಯ ಹಂತಗಳು ಮತ್ತು ಸಮಯ ಹೀಗಿದ್ದವು:

ತೊಡಗಿಸುವುದು (6 ನಿಮಿಷ): ಕವಚವಿಲ್ಲದ ಸಿಂಹವನ್ನು ತೋರಿಸಿ ‘ಇದು ನಿನ್ನೆ ನೋಡಿದ್ದೇ ಹೌದೇ? ನಡೆಯಬಲ್ಲದೇ?’ ಎಂದು ಕೇಳುವುದು.

ಅನ್ವೇಷಣೆ (48 ನಿಮಿಷ): ನಾಲ್ಕು ಗುಂಪು, ನಾಲ್ಕು ಮೇಜು, ಪ್ರತಿ ಮೇಜಿಗೆ 12 ನಿಮಿಷ. ಒಂದನೇ ಮೇಜಿನಲ್ಲಿ ಸಿಂಹದ ಅಸ್ಥಿಪಂಜರ. ಎರಡನೆಯದರಲ್ಲಿ ಕೀ ಕೊಡುವ ಗೊಡೋಸ್ ಮತ್ತು ಅಳತೆಪಟ್ಟಿ. ಮೂರನೆಯದರಲ್ಲಿ ಬಿಚ್ಚಿದ ಕೀ ಪೆಟ್ಟಿಗೆ. ನಾಲ್ಕನೆಯದು ಹೊಲಿಗೆ ಯಂತ್ರ.

ವಿವರಣೆ (12 ನಿಮಿಷ), ವಿಸ್ತರಣೆ (6 ನಿಮಿಷ), ಮೌಲ್ಯಮಾಪನ (8 ನಿಮಿಷ).

ಪ್ರತಿ ಮೇಜಿಗೂ ಒಂದೇ ಪ್ರಶ್ನೆ: ‘ಯಾವುದು ಯಾವುದನ್ನು ತಳ್ಳುತ್ತದೆ?’ ಶಕ್ತಿ, ರೂಪಾಂತರ ಮುಂತಾದ ಪದಗಳನ್ನು ಅನ್ವೇಷಣೆಯ ಹಂತದಲ್ಲಿ ಬಳಸಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಪದ ಮೊದಲು ಸಿಕ್ಕರೆ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ ಎಂಬುದು ಮೊದಲ ಪಾಠದ ಚೀಟಿಗಳಿಂದ ತಿಳಿದಿತ್ತು. ಇನ್ನೊಂದು ನಿಯಮ ‘ಮುಟ್ಟಬೇಡಿ’ ಎನ್ನಬಾರದು ಎಂಬುದು.

ತರಗತಿಯಲ್ಲಿ ನಡೆದದ್ದು

ಎರಡನೇ ಮೇಜಿನ ಮಕ್ಕಳು ಗೊಡೋಸ್‌ಗೆ ಎರಡು, ನಾಲ್ಕು, ಆರು ಸುತ್ತು ಕೀ ಕೊಟ್ಟು ಅದು ನಡೆದ ದೂರ ಅಳೆದರು. ಸುತ್ತು ಹೆಚ್ಚಿದಂತೆ ದೂರವೂ ಹೆಚ್ಚಿತು. ಆದರೆ ಅಷ್ಟೇ ಸುತ್ತು ಕೊಟ್ಟರೂ ಪ್ರತಿ ಸಲ ಅಷ್ಟೇ ದೂರ ಬರಲಿಲ್ಲ. ನುಣುಪಾದ ನೆಲದ ಮೇಲೆ ಅದರ ಪಾದ ಜಾರುತ್ತಿತ್ತು. ಒಂದು ಗುಂಪು ತಾನಾಗಿಯೇ ನೆಲಕ್ಕೆ ವೃತ್ತಪತ್ರಿಕೆ ಹಾಸಿ ಮತ್ತೆ ಅಳೆಯಿತು. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು ಎಂದು ನಾನು ಹೇಳುವ ಮೊದಲೇ ಅವರಿಗೆ ಅದರ ಅಗತ್ಯ ಕಂಡಿತ್ತು. ಕೀ ಕೊಡುತ್ತಿದ್ದ ಹುಡುಗಿ “ಸಾರ್, ಕೊನೇ ಸುತ್ತು ತುಂಬಾ ಗಟ್ಟಿ” ಎಂದಳು. ಸ್ಪ್ರಿಂಗ್ ಬಿಗಿಯಾದಂತೆ ಇನ್ನೊಂದು ಸುತ್ತಿಗೆ ಹೆಚ್ಚು ಕೆಲಸ ಮಾಡಬೇಕು, ಆ ಕೆಲಸವೇ ಪ್ರಚ್ಛನ್ನ ಶಕ್ತಿಯಾಗಿ ಸ್ಪ್ರಿಂಗಿನಲ್ಲಿ ಸೇರುತ್ತದೆ ಎಂಬುದನ್ನು ಅವಳ ಬೆರಳು ಪಠ್ಯಕ್ಕಿಂತ ಮೊದಲೇ ಕಂಡುಕೊಂಡಿತ್ತು.

ಮೂರನೇ ಮೇಜಿನಲ್ಲಿ ಬಿಚ್ಚಿದ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ, ಹಲ್ಲುಚಕ್ರಗಳು ಮತ್ತು ಕೊನೆಯ ಚಕ್ರದ ಹಲ್ಲುಗಳ ಮೇಲೆ ಅತ್ತಿತ್ತ ಅಲ್ಲಾಡುವ ಒಂದು ಪುಟ್ಟ ತುಂಡು ಇದ್ದವು. ಆ ತುಂಡು ಯಾಕೆ ಎಂದು ಬಹಳ ಚರ್ಚೆ ನಡೆಯಿತು. ಒಬ್ಬ ಬೆರಳಿನಿಂದ ಅದನ್ನು ಎತ್ತಿ ಹಿಡಿದು ಚಕ್ರ ತಿರುಗಿಸಿದ. ಚಕ್ರ ಸರ್ರನೆ ತಿರುಗಿತು. ಬಿಟ್ಟರೆ ಟಿಕ್ ಟಿಕ್ ಎಂದು ತಡೆದು ತಡೆದು ತಿರುಗಿತು. “ಅಜ್ಜನ ಗಡಿಯಾರದಲ್ಲೂ ಹಿಂಗೇ ಸದ್ದು ಬರೋದು” ಎಂದ. ಕೂಡಿಟ್ಟ ಶಕ್ತಿ ಒಂದೇ ಸಲ ಖಾಲಿಯಾಗದಂತೆ ತಡೆಯುವ ಭಾಗ ಅದು. ನನ್ನ ಪಾಠಯೋಜನೆಯಲ್ಲಿ ಅದರ ಉಲ್ಲೇಖವೇ ಇರಲಿಲ್ಲ.

ನಾಲ್ಕನೇ ಮೇಜು ಮಕ್ಕಳಿಗೆ ಪರಿಚಿತವಾದದ್ದು. ಪಾದ ಮೇಲೆ ಕೆಳಗೆ ಆಡಿಸಿದರೆ ಉದ್ದನೆಯ ಸಲಾಕೆಯ ಮೂಲಕ ಕೆಳಗಿನ ದೊಡ್ಡ ಚಕ್ರ ತಿರುಗುತ್ತದೆ. ಒಂದನೇ ಮೇಜಿನಿಂದ ಅಲ್ಲಿಗೆ ಬಂದ ಗುಂಪು ಕೂಡಲೇ ಗುರುತಿಸಿತು: ಸಿಂಹದಲ್ಲಿ ಇದೇ ಸಂಗತಿ ತಿರುವುಮುರುವಾಗಿ ನಡೆಯುತ್ತದೆ. ಅಲ್ಲಿ ಚಕ್ರ ತಿರುಗುತ್ತದೆ, ಚಕ್ರದ ನಡುವಿನಿಂದ ಪಕ್ಕಕ್ಕೆ ಸರಿದ ಪಿನ್ನು ಕಾಲನ್ನು ಹಿಂದೆ ಮುಂದೆ ಆಡಿಸುತ್ತದೆ. ಎಡಬದಿಯ ಪಿನ್ನು ಮೇಲಿದ್ದಾಗ ಬಲಬದಿಯದು ಕೆಳಗಿರುತ್ತದೆ. ಹಾಗಿರುವುದರಿಂದಲೇ ಅದು ಕುಪ್ಪಳಿಸದೆ ನಡೆಯುತ್ತದೆ.

ಮುರಿದ ಪಿನ್ನು

ಮೂರನೇ ಸುತ್ತಿನ ನಡುವೆ ಒಂದನೇ ಮೇಜಿನಿಂದ ‘ಟಕ್’ ಎಂಬ ಸದ್ದು ಕೇಳಿತು. ಈ ಮಾದರಿಗಳನ್ನು ಕಟ್ಟುವವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಹೋಗಿ ನೋಡಿದರೆ ಮುಂಗಾಲನ್ನು ಹಿಡಿದಿದ್ದ ಪಿನ್ನು ಬುಡಕ್ಕೇ ಮುರಿದಿತ್ತು.

“ಯಾರು ಮುರಿದದ್ದು?” ಎಂದು ಗಟ್ಟಿಯಾಗಿ ಕೇಳಿದೆ. ಇದನ್ನು ಬರೆಯಲು ಮುಜುಗರವಾಗುತ್ತದೆ, ಆದರೆ ಬಿಟ್ಟರೆ ವರದಿ ಸುಳ್ಳಾಗುತ್ತದೆ. ನಾಲ್ಕೂ ಮೇಜುಗಳು ಒಮ್ಮೆಲೇ ಸ್ತಬ್ಧವಾದವು. ಎರಡನೇ ಮೇಜಿನವರು ಗೊಡೋಸ್‌ನ್ನು ಮೆಲ್ಲಗೆ ಕೆಳಗಿಟ್ಟು ಕೈ ಹಿಂದಕ್ಕೆ ಎಳೆದುಕೊಂಡರು. ಅರ್ಧ ಗಂಟೆಯಿಂದ ಕಟ್ಟಿದ್ದ ಧೈರ್ಯವನ್ನು ನನ್ನ ಎರಡು ಪದಗಳು ಕೆಡವಿದವು. ಹಲಗೆಯ ಪಕ್ಕ ಕುಳಿತಿದ್ದ ಮೇಡಂ ಏನೂ ಹೇಳಲಿಲ್ಲ, ಬರೆಯಲೂ ಇಲ್ಲ.

ಒಬ್ಬ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ಪಕ್ಕದಲ್ಲಿದ್ದ ಹುಡುಗಿ ಮಾತ್ರ ಮಾದರಿಯಿಂದ ಕಣ್ಣು ತೆಗೆದಿರಲಿಲ್ಲ. ಅವಳು ಗುಂಡಿ ಒತ್ತಿದಳು. ಮೋಟಾರು ತಿರುಗಿತು, ಮೂರು ಕಾಲು ಆಡಿದವು, ಒಂದು ಸುಮ್ಮನೆ ನೇತಾಡಿತು.

“ಸಾರ್, ಬ್ಯಾಟರಿ ಸರಿಯಾಗೇ ಇದೆ. ಮೋಟ್ರು ತಿರುಗ್ತಿದೆ. ಈ ಚಕ್ರಾನೂ ತಿರುಗ್ತಿದೆ. ಇಲ್ಲಿಂದ ಕಾಲಿಗೆ ಮಾತ್ರ ಬರ್ತಿಲ್ಲ” ಎಂದು ಮುರಿದ ಜಾಗಕ್ಕೆ ಬೆರಳಿಟ್ಟಳು.

ನಾನು ಚೀಟಿಯಲ್ಲಿ ಕೇಳಿದ್ದ ಪ್ರಶ್ನೆಗೆ ಇದೇ ಉತ್ತರ. ಬ್ಯಾಟರಿಯಿಂದ ಹೆಜ್ಜೆಯವರೆಗಿನ ದಾರಿಯನ್ನು ಅವಳು ಕೊಂಡಿ ಕೊಂಡಿಯಾಗಿ ಹೇಳಿದ್ದಳು, ಯಾವ ಕೊಂಡಿ ಕಳಚಿದೆ ಎಂಬುದನ್ನೂ ಸೇರಿಸಿ. ಎಲ್ಲ ಗುಂಪುಗಳನ್ನೂ ಆ ಮೇಜಿನ ಸುತ್ತ ಕರೆದೆ. “ನಾನು ಕೂಗಿದ್ದು ತಪ್ಪು. ಮುಟ್ಟಿ ಎಂದು ಹೇಳಿದವನು ನಾನೇ” ಎಂದು ಆ ಹುಡುಗನಿಗೆ ಎಲ್ಲರ ಎದುರು ಹೇಳಿದೆ. ನಂತರ ಅವಳಿಂದಲೇ ಮತ್ತೊಮ್ಮೆ ವಿವರಿಸಲು ಹೇಳಿದೆ. ಉಳಿದ ಅನ್ವೇಷಣೆಯ ಸಮಯ ಇದಕ್ಕೇ ಹೋಯಿತು. ನಾಲ್ಕನೇ ಸುತ್ತು ನಡೆಯಲಿಲ್ಲ.

ವಿವರಣೆಯ ಹಂತ

ಇಲ್ಲಿ ನಾನು ನಿರೀಕ್ಷಿಸದ ಒಂದು ತಪ್ಪು ಕಲ್ಪನೆ ಹೊರಬಂತು. ‘ಹಲ್ಲುಚಕ್ರ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂದು ಹಲವರು ಹೇಳಿದರು. ದಿನನಿತ್ಯದ ಮಾತಿನಲ್ಲಿ ಬಲ, ಶಕ್ತಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವಾದ್ದರಿಂದ ಇದು ಸಹಜ. ಹಲಗೆಯ ಮೇಲೆ ಲೆಕ್ಕ ಮಾಡಿದೆವು. 10 ಹಲ್ಲಿನ ಚಕ್ರ 40 ಹಲ್ಲಿನ ಚಕ್ರವನ್ನು ತಿರುಗಿಸಿದರೆ, ಚಿಕ್ಕದು ನಾಲ್ಕು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು ಸುತ್ತುತ್ತದೆ. ಇಂಥ ಎರಡು ಜೋಡಿಗಳನ್ನು ಒಂದರ ಹಿಂದೊಂದು ಇಟ್ಟರೆ 16 ಸುತ್ತಿಗೆ ಒಂದು. ವೇಗ ಕಡಿಮೆಯಾಗುತ್ತದೆ, ತಿರುಗಿಸುವ ಬಲ ಹೆಚ್ಚುತ್ತದೆ. ಶಕ್ತಿ ಮಾತ್ರ ಹೆಚ್ಚುವುದಿಲ್ಲ. ಘರ್ಷಣೆಯಿಂದ ಶಾಖವಾಗಿ, ಸದ್ದಾಗಿ ಸ್ವಲ್ಪ ಹೊರಗೆ ಹೋಗುತ್ತದೆ. “ಹಾಗಾದ್ರೆ ಆ ಗರಗರ ಸದ್ದೂ ಬ್ಯಾಟರಿಯಿಂದಲೇ ಬಂದದ್ದಾ?” ಎಂದು ಒಬ್ಬ ಕೇಳಿದ. ಹೌದು ಎಂದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಪ್ರವೇಶ ಅಲ್ಲಿಂದಲೇ ದೊರೆಯಿತು.

ಫಲಿತಾಂಶ ಮತ್ತು ಅದರ ಮಿತಿ

ಕೊನೆಗೆ ಅದೇ ಪ್ರಶ್ನೆಯನ್ನು ಚೀಟಿಯಲ್ಲಿ ಕೇಳಿದೆ. ಈ ಬಾರಿ 38ರಲ್ಲಿ 25 ಮಂದಿ ಮೋಟಾರು, ಹಲ್ಲುಚಕ್ರ, ಪಿನ್ನು, ಕಾಲು ಎಂಬ ಕೊಂಡಿಗಳಲ್ಲಿ ಕನಿಷ್ಠ ಎರಡನ್ನು ಸರಿಯಾದ ಕ್ರಮದಲ್ಲಿ ಬರೆದಿದ್ದರು. ಇದನ್ನು ದೊಡ್ಡದು ಮಾಡಿ ಹೇಳಲಾರೆ. ಅದೇ ಮಕ್ಕಳು ಅದೇ ವಿಷಯವನ್ನು ಎರಡನೇ ಬಾರಿ ಕಲಿತರು, ಸಮಯವೂ ದುಪ್ಪಟ್ಟು ಸಿಕ್ಕಿತು. ಸುಧಾರಣೆಯಲ್ಲಿ ಇವುಗಳ ಪಾಲೂ ಇದೆ. ಆದರೆ ಉತ್ತರಗಳ ಭಾಷೆ ಬದಲಾಗಿತ್ತು. ಮೊದಲ ಚೀಟಿಗಳಲ್ಲಿ ಇದ್ದದ್ದು ನನ್ನ ಪದಗಳು, ಎರಡನೆಯವುಗಳಲ್ಲಿ ಇದ್ದದ್ದು ಅವರ ಪದಗಳು.

ಶಾಲೆ ಬಿಟ್ಟ ಮೇಲೆ ಆ ಹುಡುಗ ನನ್ನ ಬಳಿ ಬಂದು ನಿಂತ. ಇಬ್ಬರೂ ಕೂತು ಮುರಿದ ಪಿನ್ನಿನ ಎರಡೂ ತುಂಡುಗಳಲ್ಲಿ ಒಂದು ಮಿಲಿಮೀಟರಿನ ರಂಧ್ರ ಕೊರೆದು, ನಡುವೆ ಪೇಪರ್ ಕ್ಲಿಪ್‌ನ ತಂತಿ ತುಂಡು ಇಟ್ಟು ಅಂಟು ಹಾಕಿದೆವು. ತಂತಿ ಇಲ್ಲದೆ ಬರೀ ಅಂಟು ಹಾಕಿದರೆ ಮತ್ತೆ ಅಲ್ಲೇ ಮುರಿಯುತ್ತದೆ ಯಾಕೆ ಎಂದು ಅವನು ಕೇಳಿದ. ಕಾಲಿನ ಭಾರವೆಲ್ಲ ಬೀಳುವ ಜಾಗ ಯಾವುದು ಎಂದು ಅವನೇ ಹುಡುಕಿದ. ಮರುದಿನ ಸಿಂಹ ಸ್ವಲ್ಪ ಕುಂಟುತ್ತ ನಡೆಯಿತು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಈ ಪಾಠಕ್ಕೆ ದುಬಾರಿ ಮಾದರಿ ಬೇಕಿಲ್ಲ. ಜಾತ್ರೆಯಲ್ಲಿ ಸಿಗುವ ಕೀ ಕೊಡುವ ಆಟಿಕೆ, ಕೆಟ್ಟ ಅಲಾರಂ ಗಡಿಯಾರ, ಹೊಲಿಗೆ ಯಂತ್ರ, ಸೈಕಲ್ ಇವುಗಳಿಂದಲೇ ಇಡೀ ಪಾಠ ಮಾಡಬಹುದು. ಮುಖ್ಯವಾದದ್ದು ಕವಚ ತೆಗೆದಿರುವುದು.

2. ಬಿಗುವು ಇರುವ ಸ್ಪ್ರಿಂಗ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಉಕ್ಕಿನ ಪಟ್ಟಿ ಚಿಮ್ಮಿ ಕೈಗೆ, ಕಣ್ಣಿಗೆ ಗಾಯ ಮಾಡಬಲ್ಲದು. ಕೆಟ್ಟದ್ದನ್ನು ಸಹ ಶಿಕ್ಷಕರೇ ಮುಂಚಿತವಾಗಿ ಬಿಚ್ಚಿಡಬೇಕು. ಬ್ಲೇಡು, ಕಟ್ಟರ್, ಬೇಗ ಒಣಗುವ ಅಂಟು ಮಕ್ಕಳ ಕೈಗೆ ಒಂಟಿಯಾಗಿ ಹೋಗಬಾರದು.

3. ಮಕ್ಕಳಿಗೆ ಜೋಡಣೆಯ ಅವಕಾಶ ಕೊಡುವುದಾದರೆ, ಕವಚ ಮುಚ್ಚುವ ಮೊದಲು ನಿಲ್ಲಿಸಿ. ಚಕ್ರವನ್ನು ಕೈಯಿಂದ ತಿರುಗಿಸಿ ನೋಡಲು ಹೇಳಿ. ಕೈಪಿಡಿಯ ಕ್ರಮ ತಪ್ಪದೆ ಪಾಲಿಸಿ ಮುಗಿಸಿದವನಿಗೆ ಯಂತ್ರ ಅರ್ಥವಾಗಿದೆ ಎಂದು ಭಾವಿಸಬೇಡಿ. ನಾನೇ ಎಷ್ಟೋ ಮಾದರಿಗಳನ್ನು ಹಾಗೆ ಕಟ್ಟಿದ್ದೇನೆ.

4. ಏನಾದರೂ ಮುರಿದರೆ ‘ಯಾರು’ ಎಂದು ಕೇಳುವ ಮೊದಲು ‘ಎಲ್ಲಿ’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಮಕ್ಕಳು ಸುಮ್ಮನಾಗುತ್ತಾರೆ. ಎರಡನೆಯದಕ್ಕೆ ಹತ್ತಿರ ಬಂದು ನೋಡುತ್ತಾರೆ.

ಉಪಸಂಹಾರ

ಪಾಠೋಪಕರಣ ಆಕರ್ಷಕವಾಗಿರಬೇಕು, ಎಲ್ಲರಿಗೂ ಕಾಣುವಂತಿರಬೇಕು, ವಿಷಯಕ್ಕೆ ಹೊಂದಬೇಕು ಎಂದು ನಾವು ಕಲಿಯುತ್ತೇವೆ. ನನ್ನ ಸಿಂಹಕ್ಕೆ ಮೊದಲ ದಿನವೇ ಈ ಮೂರೂ ಗುಣಗಳಿದ್ದವು. ಇಲ್ಲದಿದ್ದದ್ದು ಒಂದು. ಅದು ಮುರಿದರೂ ಪರವಾಗಿಲ್ಲ ಎಂದು ನಾನು ಒಪ್ಪಿಕೊಂಡಿರಲಿಲ್ಲ. ಮುರಿಯುವ ಭಯದಿಂದ ನಾವು ಕಾಯುತ್ತಿರುವ ವಸ್ತು ಎಷ್ಟೇ ಸುಂದರವಾಗಿದ್ದರೂ ಅದು ಇನ್ನೂ ನಮ್ಮದು, ತರಗತಿಯದಲ್ಲ. ಅಂಥದ್ದನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು, ಇಲ್ಲವೇ ಬಿಟ್ಟುಕೊಡುವ ಮನಸ್ಸು ಮಾಡಿಕೊಂಡು ತರಬೇಕು.

ವೀಕ್ಷಣಾ ಪುಸ್ತಕದಲ್ಲಿ ಎರಡನೇ ಪಾಠಕ್ಕೆ ಮೇಡಂ ಸಮಯ ಪಾಲನೆಗೆ ಕಡಿಮೆ ಅಂಕ ಕೊಟ್ಟಿದ್ದಾರೆ. ಅದು ನ್ಯಾಯವೇ. ‘ಮುಟ್ಟಬೇಡಿ’ ಎಂಬುದರ ಎದುರು ಸೊನ್ನೆ ಬರೆದಿದ್ದಾರೆ. ಸಿಂಹ ಈಗ ಆ ಶಾಲೆಯ ವಿಜ್ಞಾನ ಕೊಠಡಿಯಲ್ಲಿದೆ, ಕವಚವಿಲ್ಲದೆ.